ಸರ್ವಮಂಗಳಾ ಹೇಳದ ಮಾತು

ಶಿರಾದಲ್ಲಿ ನಲ್ಲಿಗೆ ನೀರು ಯಾವತ್ತು ಬರುತ್ತದೆ, ಕರೆಂಟು ಯಾವ ಬೀದಿಗೆ ಹೋಗುತ್ತದೆ, ಜ್ವರದ ತಪಾಸಣೆ ಎಲ್ಲಿ ನಡೆಯುತ್ತದೆ ಎಂಬುದನ್ನೆಲ್ಲ ಬಹಳ ಮನೆಯವರು ತಿಳಿದುಕೊಳ್ಳುತ್ತಿದ್ದದ್ದು ಸರ್ವಮಂಗಳಾಳ ದನಿಯಿಂದ. ಆಕೆ ಸರ್ಕಾರಿ ನೌಕರಳಲ್ಲ. ಗಂಡ ರೇಣುಕಪ್ರಸಾದನದು ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆಯಾದ ಹೊಸತರಲ್ಲಿ ಒಂದು ದಿನ ಪೋಲಿಯೊ ಹನಿಯ ಪ್ರಚಾರಕ್ಕೆ ಕೂಗಬೇಕಿದ್ದವನು ಕೈಕೊಟ್ಟ. ಅಂಗಡಿ ಮುಂದೆ ಮೈಕ್ ಕಟ್ಟಿದ ಆಟೊ ಸಿದ್ಧವಾಗಿ ನಿಂತಿತ್ತು. ಊಟದ ಡಬ್ಬಿ ತಂದಿದ್ದ ಸರ್ವಮಂಗಳಾ "ಕೊಡ್ರಿ ಇಲ್ಲಿ, ಓದೋದು ತಾನೆ" ಎಂದು ಹತ್ತಿ ಕೂತಳು. ಹತ್ತಿದವಳು ಇನ್ನೂ ಇಳಿದಿಲ್ಲ ಎಂದು ರೇಣುಕಪ್ರಸಾದ್ ಈಗಲೂ ನಗುತ್ತಾನೆ.

ಕಚೇರಿಯವರು ಕೊಟ್ಟ ಪ್ರಕಟಣೆಯನ್ನು ಆಕೆ ಇದ್ದಂತೆ ಓದಿದ್ದೇ ಇಲ್ಲ. 'ಕಾರಣಾಂತರಗಳಿಂದ ನೀರು ಸರಬರಾಜಿನಲ್ಲಿ ವ್ಯತ್ಯಯವಾಗಲಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಿದೆ' ಎಂದು ಬರೆದಿದ್ದರೆ, "ಪೈಪು ಒಡೆದೈತೆ ಕಣ್ರಮ್ಮ, ಕೊಡ ಬಿಂದಿಗೆ ಎಲ್ಲಾ ಇವತ್ತೇ ತುಂಬಿಟ್ಕೊಳ್ರಿ, ನಾಳೆ ನೀರಿಲ್ಲ" ಎನ್ನುತ್ತಿದ್ದಳು. ಉರ್ದು ಮನೆಮಾತಿನ ಬೀದಿಗೆ ಹೋದರೆ "ಕಲ್ ಪಾನಿ ನೈ ಆತಾ" ಎಂದು ತನಗೆ ಬರುವಷ್ಟನ್ನು ಸೇರಿಸುವಳು. ಬಾಗಿಲಲ್ಲಿ ನಿಂತ ಹೆಂಗಸರು ಅವಳ ಉರ್ದುಗೆ ನಕ್ಕು, ಒಳಗೆ ಹೋಗಿ ನೀರು ತುಂಬಿಕೊಳ್ಳುವರು. ಯಾರಾದರೂ ತೀರಿಕೊಂಡ ಸುದ್ದಿ ಹೇಳುವಾಗ ದನಿ ತಗ್ಗಿಸಿ, ಅವರ ಹೆಸರಿನ ಜೊತೆಗೆ ಅವರು ಮಾಡುತ್ತಿದ್ದ ಕೆಲಸವನ್ನೂ ಹೇಳುತ್ತಿದ್ದಳು. ಕೊರೊನಾ ಕಾಲದಲ್ಲಿ ಬೀದಿಯಲ್ಲಿ ನರಪಿಳ್ಳೆಯಿಲ್ಲದಾಗ ಆಕೆಯ ಆಟೊ ಒಂದೇ ಓಡಾಡುತ್ತಿತ್ತು. ಆಗಿನಿಂದ ಜನ ಆಕೆಯನ್ನು ಮೈಕ್ ಮಂಗಳಮ್ಮ ಎಂದು ಕರೆದರು. ಟಿ.ವಿ.ಯಲ್ಲಿ ಏನೇ ಬರಲಿ, ಮಂಗಳಮ್ಮ ಹೇಳಿದರೆ ಮಾತ್ರ ನಂಬುವುದು ಎನ್ನುವಷ್ಟು ಆ ದನಿ ಊರಿಗೆ ಒಗ್ಗಿತು.

ಆಮೇಲೆ ಪರಮೇಶ್ ಬಂದ. ಬಸ್ ಸ್ಟ್ಯಾಂಡ್ ಹತ್ತಿರ ಲಗ್ನಪತ್ರಿಕೆ, ಫ್ಲೆಕ್ಸ್ ಮಾಡಿಕೊಡುವ ಅಂಗಡಿಯವನು, ಮೂವತ್ತು ದಾಟಿದವನು. ಊರಿನ ವಿಷಯವೆಂದರೆ ಅವನಿಗೆ ಬಹಳ ಆಸೆ. 'ನಮ್ಮೂರ ಬೆಳಗು' ಎಂದು ವಾಟ್ಸಾಪಿನಲ್ಲಿ ಸುದ್ದಿಯ ಗುಂಪು ಶುರುಮಾಡಿದ್ದ. ನಗರಸಭೆಗೆ, ವಿದ್ಯುತ್ ಕಚೇರಿಗೆ, ಆಸ್ಪತ್ರೆಗೆ ಅವನೇ ಸುತ್ತಿ ವಿಷಯ ತರುವನು, ಸರ್ವಮಂಗಳಾ ಅವನ ಫೋನಿಗೆ ಅದನ್ನು ಹೇಳುವಳು. ಬೆಳಿಗ್ಗೆ ಕಾಫಿ ಹೊತ್ತಿಗೆ ಮನೆಮನೆಯ ಮೊಬೈಲಿನಲ್ಲಿ ಆಕೆ ಮಾತಾಡುವಳು. ಮೊದಲು ಒಂದು ಗುಂಪಿತ್ತು, ಆಮೇಲೆ ವಾರ್ಡಿಗೊಂದಾಯಿತು. ಆಕೆ ಮಾತ್ರ ಅದನ್ನು ಕೇಳುತ್ತಿರಲಿಲ್ಲ. ಆಟೊ ಮೈಕಿನಲ್ಲಿ ಅಷ್ಟು ಕೂಗಿದವಳಿಗೂ ತನ್ನ ದನಿಯನ್ನು ತಾನೇ ಕೇಳುವುದೆಂದರೆ ಮುಜುಗರ. "ಬೇರೆ ಯಾರೋ ನನ್ನ ಸೀರೆ ಉಟ್ಕೊಂಡು ಎದುರಿಗೆ ಬಂದಂಗಾಗುತ್ತೆ" ಎನ್ನುವಳು.

ಹೋದ ಮಳೆಗಾಲದಲ್ಲಿ ಅವಳ ಗಂಟಲು ಕಟ್ಟಿತು. ಡಾಕ್ಟರು ಕೆಲವು ವಾರ ಜೋರಾಗಿ ಮಾತಾಡಬಾರದು ಎಂದರು. ಪರಮೇಶ್ ಮನೆಗೆ ಬಂದು, "ಅಕ್ಕ, ನೀವು ರೆಸ್ಟ್ ತಗೊಳ್ರಿ. ಗ್ರೂಪಿನ ಚಿಂತೆ ಬಿಡ್ರಿ, ನಾನು ಹೆಂಗೋ ನೋಡ್ಕೊಂತೀನಿ" ಎಂದ. ಬರೆದು ಹಾಕುತ್ತಾನೆ ಎಂದುಕೊಂಡು ಆಕೆ ಸುಮ್ಮನಾದಳು. ನಡುವೆ ಒಂದೆರಡು ಸಲ ತರಕಾರಿ ಅಂಗಡಿಯಲ್ಲಿ, "ಕಂದಾಯದ್ದು ಚೆನ್ನಾಗಿ ಬಿಡಿಸಿ ಹೇಳಿದ್ರಿ ಮಂಗಳಮ್ಮ" ಎಂದು ಯಾರೋ ಹೊಗಳಿದ್ದರು. ಯಾವಾಗಲೋ ಹೇಳಿದ್ದಿರಬೇಕು ಎಂದು ಆಕೆ ತಲೆಯಾಡಿಸಿ ಬಂದಿದ್ದಳು.

ಆ ವರ್ಷದ ಮಳೆ ಬಯಲುಸೀಮೆಯ ಮಳೆಯಂತಿರಲಿಲ್ಲ. ಊರ ಮೇಲಿನ ಕೆರೆ ತುಂಬಿ ಕೋಡಿ ಬಿದ್ದು, ಕೋಡಿ ನೀರು ನೋಡಲು ಜನ ಬೈಕು ಹತ್ತಿ ಹೋಗುತ್ತಿದ್ದರು. ಕೆರೆಯ ಏರಿ ಕೆಳಗಿನ ಬಡಾವಣೆಯವರಿಗೆ ಮಾತ್ರ ಎದೆಯಲ್ಲಿ ಪುಕಪುಕ. ಅಲ್ಲಿಯ ಹೆಂಗಸರು ಬಟ್ಟೆ ಒಣಗಿಹಾಕುವಾಗಲೂ ಏರಿಯ ಕಡೆ ಒಮ್ಮೆ ನೋಡುತ್ತಿದ್ದರು.

ಆ ದಿನ ಸರ್ವಮಂಗಳಾ ಬರಗೂರಿನ ತವರುಮನೆಗೆ ಹೋಗಿ, ಮಧ್ಯಾಹ್ನದ ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ದನಿ ಬಹುಮಟ್ಟಿಗೆ ತಿಳಿಯಾಗಿತ್ತು, ಜೋರಾಗಿ ಕೂಗುವಂತೆ ಮಾತ್ರ ಇರಲಿಲ್ಲ. ಶಿರಾ ಇನ್ನೇನು ಹತ್ತಿರವಾಯಿತು ಎನ್ನುವಾಗ ಮುಂದಿನ ಸೀಟಿನ ಹೆಂಗಸಿನ ಮೊಬೈಲು ಮಾತಾಡತೊಡಗಿತು.

"ನಮಸ್ಕಾರ ಕಣ್ರಮ್ಮ, ನಾನು ನಿಮ್ಮ ಸರ್ವಮಂಗಳಾ. ಕೆರೆ ಏರಿ ಒಡೆದೈತೆ. ಏರಿ ಕೆಳಗಿನ ಬಡಾವಣೆಯೋರು ಇರೋದನ್ನ ಇದ್ದಂಗೇ ಬಿಟ್ಟು ಈಗಲೇ ಎತ್ತರದ ಜಾಗಕ್ಕೆ ಹೋಗ್ಬಿಡ್ರಿ. ಮಕ್ಕಳನ್ನ, ವಯಸ್ಸಾದೋರನ್ನ ಮೊದ್ಲು ಕರ್ಕೊಂಡೋಗ್ರಿ."

ಸರ್ವಮಂಗಳಾಳ ಕೈ ತಾನಾಗಿ ಗಂಟಲ ಮೇಲೆ ಹೋಯಿತು. ತುಟಿ ಮುಚ್ಚಿದೆಯೇ ಎಂದು ನೋಡಿಕೊಂಡಳು. ಅದು ಅವಳದೇ 'ಕಣ್ರಮ್ಮ'. 'ಮಕ್ಕಳನ್ನ' ಎನ್ನುವ ಮುಂಚೆ ಉಸಿರೆಳೆದುಕೊಂಡ ಸದ್ದೂ ಅವಳದೇ. ಯಾವಾಗಲಾದರೂ ನಾನು ಹೀಗೆ ಹೇಳಿ ಮರೆತಿದ್ದೇನೆಯೇ ಎಂದು ಒಂದು ಗಳಿಗೆ ತನ್ನ ಮೇಲೆ ತನಗೇ ಅನುಮಾನ ಬಂತು.

"ಇನ್ನೊಂದು ಸಲ ಹಾಕಮ್ಮ ಅದನ್ನ" ಎಂದಳು.

ಹೆಂಗಸು ಮತ್ತೆ ಹಾಕಿದಳು. ಬಸ್ಸೇ ಕೇಳಿತು. ಹಿಂದಿನಿಂದ ಯಾರೋ "ಅಯ್ಯಯ್ಯೋ, ನನ್ನ ಮಗಳ ಮನೆ ಅಲ್ಲೇ ಐತಲ್ಲಪ್ಪೋ!" ಎಂದು ಕಿರುಚಿದರು.

"ಇದು ನಾನು ಹೇಳಿದ್ದಲ್ಲ" ಎಂದಳು ಸರ್ವಮಂಗಳಾ.

"ನೀವ್ಯಾಕೆ ಹೇಳ್ತೀರ? ಇದು ಮೈಕ್ ಮಂಗಳಮ್ಮ ಹೇಳಿರೋದು."

"ನಾನೇ ಕಣಮ್ಮ ಮೈಕ್ ಮಂಗಳಮ್ಮ."

ಆ ಹೆಂಗಸು ತಿರುಗಿ ಇವಳ ಬಾಯನ್ನೇ ನೋಡಿದಳು. ಕೈಯಲ್ಲಿದ್ದ ಫೋನನ್ನು ನೋಡಿದಳು. ಎರಡು ಕಡೆಯಿಂದಲೂ ಒಂದೇ ದನಿ ಬಂದದ್ದು ಅವಳಿಗೆ ಅರ್ಥವಾಗಲಿಲ್ಲ. "ಅಂಗಾದ್ರೆ ಏರಿ ಒಡೆದಿರೋದು ನಿಜಾನೇ ಅನ್ನಿ!" ಎಂದು ಎದೆ ಹಿಡಿದುಕೊಂಡಳು.

ಅಷ್ಟರಲ್ಲಿ ರೇಣುಕಪ್ರಸಾದನ ಫೋನು ಬಂತು. "ಎಲ್ಲಿದ್ದೀಯ? ನೀನು ಹೇಳಿದ್ದು ಕೇಳಿ ಅಂಗಡಿ ಬಾಗ್ಲು ಎಳ್ದುಬುಟ್ಟೆ. ಯಾವಾಗ ಹೋದೆ ಏರಿ ಹತ್ರ?"

"ರೀ, ನಾನು ಬಸ್ಸಲ್ಲಿದ್ದೀನಿ. ನಾನೇನೂ ಹೇಳಿಲ್ಲ."

ಆತ, "ನಿನ್ನ ದನಿ ನಂಗೆ ಗೊತ್ತಾಗಲ್ವಾ ಮಂಗಳಾ?" ಎಂದ.

ಇಷ್ಟು ವರ್ಷ ಜೊತೆಯಲ್ಲಿ ಬಾಳಿದವನು, ಮೈಕು ಒಂದಿಷ್ಟು ಗೊರಗುಟ್ಟಿದರೆ ಬೀದಿಯಾಚೆಯಿಂದ ಕಂಡುಹಿಡಿಯುವವನು. ಅವನಿಗೇ ಗೊತ್ತಾಗಲಿಲ್ಲ. ಮೊಬೈಲಿನ ಮಾತು ಕೇಳಿದಾಗ ಆದದ್ದಕ್ಕಿಂತ ದೊಡ್ಡ ಪೆಟ್ಟು ಅದು. "ನಿಮ್ಮಾಣೆ, ನಾನಲ್ಲ. ಮೈಕಿನ ಆಟೊ ತಗೊಂಡು ಊರ ಬಾಗಿಲಿಗೆ ಬನ್ನಿ" ಎಂದು ಫೋನಿಟ್ಟು, ಕೆರೆಯ ತೂಬು ನೋಡಿಕೊಳ್ಳುವ ನೀರಗಂಟಿ ಅಡವಯ್ಯನಿಗೆ ಫೋನು ಮಾಡಿದಳು.

"ಏರಿ ಮ್ಯಾಲೇ ನಿಂತಿವ್ನಿ ಕಣಕ್ಕ" ಎಂದ ಅಡವಯ್ಯ. "ಇಂಜಿನಿಯರ್ ಸಾಹೇಬ್ರೂ ಇಲ್ಲೇ ಅವ್ರೆ. ಏರಿ ಕಲ್ಲಿದ್ದಂಗೈತೆ. ಕೆಳಗೆ ಜನ ಯಾಕೆ ಓಡ್ತಾವ್ರೆ ಅಂತ ನಾವೇ ನೋಡ್ತಾ ನಿಂತಿದೀವಿ."

ಬಸ್ಸಿಗೆ ಊರೊಳಗೆ ಹೋಗಲಾಗಲಿಲ್ಲ. ರಸ್ತೆಯ ತುಂಬ ಜನ ಎದುರಾಗಿ ಬರುತ್ತಿದ್ದರು. ಟಿ.ವಿ. ಹೊತ್ತವರು, ಕುರಿ ಎಳೆದುಕೊಂಡವರು, ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನೇ ಹಿಡಿದು ಬಂದ ಒಬ್ಬಳು, ಬುರ್ಖಾ ಅರ್ಧ ಹಾಕಿಕೊಂಡು ಎರಡು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡವಳು. ಸರ್ವಮಂಗಳಾ ಇಳಿದು ಎರಡೂ ಕೈ ಚಾಚಿ ಅಡ್ಡ ನಿಂತಳು.

"ಏನೂ ಆಗಿಲ್ಲ, ನಿಂತ್ಕೊಳ್ರಿ! ಏರಿ ಗಟ್ಟಿಯಾಗೈತೆ!"

"ಈಗ ತಾನೆ ನೀನೇ ಹೋಗ್ರಿ ಅಂದೆ, ಈಗ ನೀನೇ ನಿಲ್ರಿ ಅಂತೀಯಲ್ಲಮ್ಮ!" ಎಂದು ಒಬ್ಬಾತ ಅವಳನ್ನು ತಳ್ಳಿಕೊಂಡೇ ಹೋದ.

ರೇಣುಕಪ್ರಸಾದ್ ಆಟೊ ತಂದ. ಹೆಂಡತಿಯ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ. ಮೈಕು ಕೈಗೆ ಕೊಟ್ಟ. ಎದುರಾಗುವ ಜನರ ನಡುವೆ ನುಗ್ಗಿಕೊಂಡು ಬಡಾವಣೆಯ ಬಾಯಿಗೆ ಹೋಗಿ ಸರ್ವಮಂಗಳಾ ಕೂಗಿದಳು: "ನಮಸ್ಕಾರ ಕಣ್ರಮ್ಮ, ನಾನು ಸರ್ವಮಂಗಳಾ..."

ಮುಂದಿನ ಮಾತನ್ನು ಯಾರೂ ಕೇಳಲಿಲ್ಲ. ಆ ದನಿ ಸ್ಪೀಕರಿನಿಂದ ಹೊರಟದ್ದೇ ತಡ, ಅಲ್ಲಿಯವರೆಗೆ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದವರೂ ಓಡತೊಡಗಿದರು. ಮಾಳಿಗೆಯ ಮೇಲಿದ್ದವರು ಇಳಿದು ಓಡಿದರು. ತಿರುವಿನ ಮೋರಿಯ ಹತ್ತಿರ ಜನ ಒಬ್ಬರ ಮೇಲೊಬ್ಬರು ಬಿದ್ದರು. ತನ್ನ ಬಾಯಿಂದ ಬಿದ್ದ ಹೆಸರೇ ಜನರನ್ನು ಅಟ್ಟಿಸಿಕೊಂಡು ಹೋಗುವುದನ್ನು ಸರ್ವಮಂಗಳಾ ಕಣ್ಣಾರೆ ಕಂಡಳು. ಮೈಕು ಕೈಯಿಂದ ಜಾರಿ ಕಾಲ ಮೇಲೆ ಬಿತ್ತು.

"ಆಫ್ ಮಾಡ್ರಿ! ಆಫ್ ಮಾಡ್ರಿ ಅದನ್ನ!"

ಅವಳು ಆಟೊದಿಂದ ಇಳಿದಳು. ಓಡುವವರ ನಡುವೆ ಹಿಮ್ಮುಖವಾಗಿ, ಕೆರೆಯ ಕಡೆಗೆ ನಡೆದಳು. ಹೆಗಲಿಗೆ ಹೆಗಲು ತಾಗಿತು, ಸೆರಗು ಯಾರದೋ ಚೀಲಕ್ಕೆ ಸಿಕ್ಕಿ ಹರಿಯಿತು. ಬಡಾವಣೆಯ ಕೊನೆಗೆ, ಏರಿಗೆ ತೀರ ಹತ್ತಿರದಲ್ಲಿ ಒಂದು ಬೋರ್‌ವೆಲ್ ಕಟ್ಟೆಯಿತ್ತು. ಏರಿ ಒಡೆದರೆ ನೀರು ಮೊದಲು ನುಗ್ಗುವ ಜಾಗ ಅದು. ಹೋಗಿ ಅದರ ಮೇಲೆ ಕಾಲು ಮಡಚಿ ಕೂತಳು. ರೇಣುಕಪ್ರಸಾದ್ ಹಿಂದೆಯೇ ಬಂದು ಪಕ್ಕದಲ್ಲಿ ಕೂತ.

ಮಾಳಿಗೆಯ ಮೇಲೆ ಉಳಿದಿದ್ದ ಗಂಗಲಕ್ಷ್ಮಿ ಎಂಬ ಬೀಡಿ ಕಟ್ಟುವ ಹೆಂಗಸು ಮೊದಲು ಅವರನ್ನು ಕಂಡಳು. "ಮಂಗಳಮ್ಮ! ಅಲ್ಯಾಕೆ ಕೂತಿದೀಯ? ಸಾಯಬೇಕಾ?"

ಸರ್ವಮಂಗಳಾ ಬಾಯಿ ತೆರೆಯಲು ಹೆದರಿ, ಬಾ ಎಂದು ಕೈಸನ್ನೆ ಮಾಡಿದಳು. ಗಂಗಲಕ್ಷ್ಮಿ ಏರಿಯನ್ನೂ ಇವರನ್ನೂ ನೋಡುತ್ತ ನಿಂತಳು. ಏರಿಯ ಮೇಲೆ ಅಡವಯ್ಯ ಟವೆಲ್ ಬೀಸುತ್ತಿದ್ದ. ಗಂಗಲಕ್ಷ್ಮಿ ಇಳಿದು ಬಂದು ಕಟ್ಟೆಯ ಇನ್ನೊಂದು ಬದಿಗೆ ಕೂತಳು. ಆಮೇಲೆ ಅವಳ ನಾದಿನಿ ಬಂದಳು. ಯಾರೋ ಆ ನಾಲ್ವರ ಫೋಟೊ ತೆಗೆದು ಕಳಿಸಿದರು. ಎತ್ತರದ ಶಾಲೆಯ ಬಯಲಿನಲ್ಲಿ ನಿಂತಿದ್ದ ಜನ ಅದನ್ನು ನೋಡಿ ಒಬ್ಬೊಬ್ಬರಾಗಿ ಇಳಿದು ಬಂದರು. ಕತ್ತಲಾಗುವ ಮೊದಲೇ ಬಡಾವಣೆ ಮತ್ತೆ ತುಂಬಿತು.

ಮುದ್ದಕ್ಕ ಮಾತ್ರ ಬರಲಿಲ್ಲ. ಹೂ ಮಾರುವ ಮುದುಕಿ, ಬೆಳಿಗ್ಗೆ ಮಂಗಳಮ್ಮನ ಸುದ್ದಿ ಕೇಳದೆ ಬುಟ್ಟಿ ಎತ್ತುತ್ತಿರಲಿಲ್ಲ. ಮೋರಿಯ ಹತ್ತಿರದ ನೂಕಾಟದಲ್ಲಿ ಬಿದ್ದು ಅವಳ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಸರ್ವಮಂಗಳಾ ಮಂಚದ ಬಳಿ ಹೋದಾಗ ಮುದುಕಿ ಕಣ್ಣು ಬಿಟ್ಟು, "ನೀರು ಎಲ್ಲೀಗಂಟ ಬಂತಮ್ಮ?" ಎಂದಳು.

"ನೀರು ಬರ್ಲಿಲ್ಲ ಅವ್ವ. ಅದು ಸುಳ್ಳು. ನಾನು ಹೇಳಿದ್ದಲ್ಲ."

"ಯಾಕಮ್ಮ ಇಂಗಂತೀಯ? ಮನೇಲಿ ಎಲ್ರೂ ಸುಮ್ಕಿರು ಅಂದ್ರು. ಮಂಗಳಮ್ಮ ಹೇಳವ್ಳೆ ಅಂತ ನಾನೇ ಎದ್ಬಂದ್ಬುಟ್ಟೆ. ನಿನ್ನ ಗಂಟಲು ನಂಗೆ ತಿಳಿಯಕಿಲ್ವಾ?"

ಗಂಡ ಕೇಳಿದ್ದ ಪ್ರಶ್ನೆಯನ್ನೇ ಮುದುಕಿಯೂ ಕೇಳಿದ್ದಳು. ಸರ್ವಮಂಗಳಾ ವರಾಂಡಕ್ಕೆ ಬಂದು ಗೋಡೆ ಹಿಡಿದು ನಿಂತಳು.

ಅಲ್ಲಿಗೇ ಪರಮೇಶ್ ಬಂದ.

"ಅಕ್ಕ, ಅದು ನಾನು ಹಾಕಿದ್ದು."

ಅವಳು ಗೋಡೆ ಬಿಟ್ಟು ಅವನ ಕಡೆ ತಿರುಗಿದಳು.

"ಕಂಪ್ಯೂಟರಲ್ಲಿ ಒಂದು ಆ್ಯಪ್ ಐತಕ್ಕ. ನಿಮ್ಮ ಹಳೇ ರೆಕಾರ್ಡಿಂಗ್ ಎಲ್ಲ ಅದಕ್ಕೆ ಕೊಟ್ಟಿದ್ದೆ. ಟೈಪ್ ಮಾಡಿದ್ರೆ ನಿಮ್ಮ ದನೀಲೇ ಹೇಳುತ್ತೆ. ನಿಮ್ಮ ಗಂಟ್ಲು ಕಟ್ಟಿದಾಗಿಂದ ದಿನಾ ಹಂಗೇ ಹಾಕ್ತಿದ್ದೆ. ಯಾರಿಗೂ ಗೊತ್ತಾಗ್ಲಿಲ್ಲ. ಇವತ್ತು ಒಂದು ವಿಡಿಯೊ ಬಂತು, ಏರಿ ಒಡೆಯೋದು. ನಮ್ಮ ಕೆರೇನೇ ಅನ್ಕೊಂಡೆ. ಜನ ಉಳೀಲಿ ಅಂತ... ವಿಚಾರಿಸೋಕೆ ಹೋದ್ರೆ ತಡ ಆಗುತ್ತೆ ಅಂತ..."

ಆ ವಿಡಿಯೊ ಎಲ್ಲಿಯದೋ, ಯಾವ ವರ್ಷದ್ದೋ.

ಸರ್ವಮಂಗಳಾಗೆ ತರಕಾರಿ ಅಂಗಡಿಯ ಹೊಗಳಿಕೆ ನೆನಪಾಯಿತು. ವಾರಗಟ್ಟಲೆ ತಾನು ಬಿಸಿನೀರು ಕುಡಿದು ಸುಮ್ಮನೆ ಮನೆಯಲ್ಲಿದ್ದಾಗ, ಊರಿನ ಅಡುಗೆಮನೆಗಳಲ್ಲಿ ತಾನು ಮಾತಾಡುತ್ತಲೇ ಇದ್ದೆ ಎಂಬುದು ಮೆಲ್ಲಗೆ ತಿಳಿಯಿತು. ಪಕ್ಕದಲ್ಲಿ ನಿಂತಿದ್ದ ರೇಣುಕಪ್ರಸಾದ್, "ಅಂದ್ರೆ ನಾನು ದಿನಾ ಅಂಗಡೀಲಿ ಕೇಳ್ತಿದ್ದದ್ದು..." ಎಂದ. ತಾನು ಅಂಗಡಿಗೆ ಹೋದ ಮೇಲೆ ಹೆಂಡತಿ ಮೆಲ್ಲಗೆ ರೆಕಾರ್ಡ್ ಮಾಡಿ ಕಳಿಸುತ್ತಾಳೆ ಎಂದೇ ಅವನು ನಂಬಿದ್ದ. ಪರಮೇಶನ ಕಾಲರಿಗೆ ಕೈಹಾಕಿದ. ಸರ್ವಮಂಗಳಾ ಬಿಡಿಸಿದಳು.

"ಹೇಳದೆ ಕೇಳದೆ ನನ್ನ ಬಾಯಿ ತಗೊಂಡೆಯಲ್ಲೋ ಪರಮೇಶ" ಎಂದಳು. "ಒಂದು ಮಾತು ಕೇಳಿದ್ದಿದ್ರೆ ಕಟ್ಟಿದ ಗಂಟ್ಲಲ್ಲೇ ಹೇಳ್ತಿದ್ದೆ."

ಮಾರನೆಯ ದಿನ ನಗರಸಭೆಯ ಅಧಿಕಾರಿಯೊಬ್ಬರು ಮನೆಗೆ ಬಂದು, ನಿನ್ನೆಯದು ಸುಳ್ಳು ಸುದ್ದಿ ಎಂದು ಒಂದು ಆಡಿಯೊ ಮಾಡಿಕೊಡಿ, ಎಲ್ಲ ಗುಂಪಿಗೂ ಹಾಕೋಣ ಎಂದರು.

"ಅದೂ ನನ್ನದೇ ದನಿ ಅಲ್ವಾ ಸಾರ್? ಯಾವುದನ್ನ ನಂಬ್ತಾರೆ?" ಎಂದಳು. ಅಧಿಕಾರಿ ಕಾಫಿ ಕುಡಿದು ಹೋದರು.

ಅವಳು ಪರಮೇಶನನ್ನು ಕರೆಸಿದಳು. ಅವನಾಗಲೇ ಪೊಲೀಸ್ ಠಾಣೆಗೆ ಹೋಗಿ ಎಲ್ಲ ಹೇಳಿ, ಮತ್ತೆ ಕರೆದಾಗ ಬರುತ್ತೇನೆಂದು ಬರೆದುಕೊಟ್ಟು ಬಂದಿದ್ದ. "ಆಟೊ ಹತ್ತು" ಎಂದಳು.

"ನನ್ನನ್ನ ಹೊಡೀತಾರಕ್ಕ."

"ಹೊಡೆದ್ರೆ ಮಧ್ಯ ನಾನಿರ್ತೀನಿ. ನಾನು ಹೇಳಿದ್ರೆ ಇನ್ನು ಯಾರೂ ನಂಬಲ್ಲ. ನಿನ್ನ ಬಾಯಲ್ಲಿ ನೀನು ಹೇಳು."

ಏರಿ ಕೆಳಗಿನ ಬಡಾವಣೆಯಿಂದಲೇ ಶುರುಮಾಡಿದರು. ಮೊದಲ ಬೀದಿಯಲ್ಲಿ ಪರಮೇಶ್ ಮೈಕು ಹಿಡಿದ. ಮೈಕಿನಲ್ಲಿ ಅವನ ಉಸಿರಷ್ಟೇ ಕೇಳುತ್ತಿತ್ತು. ಆಮೇಲೆ ಹೇಳಿದ: ನಾನು ಪರಮೇಶ್, ಫ್ಲೆಕ್ಸ್ ಅಂಗಡಿಯವನು, ನಿನ್ನೆ ಬಂದ ದನಿ ಮಂಗಳಮ್ಮನದಲ್ಲ, ಮೆಷಿನ್ನಿಂದ ನಾನು ಮಾಡಿದ್ದು, ಅವರಿಗೆ ತಿಳಿದಿರಲಿಲ್ಲ, ತಪ್ಪು ನನ್ನದು. ಒಬ್ಬಾತ ಚಪ್ಪಲಿ ಎಸೆದ. ಅದು ಸರ್ವಮಂಗಳಾಳ ಭುಜಕ್ಕೆ ಬಿತ್ತು. ಅವಳು ಕದಲಲಿಲ್ಲ. ಮುಂದಿನ ಬೀದಿಯಲ್ಲಿ ಒಬ್ಬ ಮುದುಕ ಆಟೊ ನಿಲ್ಲಿಸಿ, "ಮೆಷಿನ್ನು ಮನುಷ್ಯನ ದನೀಲಿ ಮಾತಾಡ್ತದಾ? ಅಂಗಾದ್ರೆ ನಾಳೆ ಸತ್ತೋಗಿರೋ ನನ್ನೆಂಡ್ತಿ ಫೋನ್ ಮಾಡಿದ್ರೂ ಮಾಡ್ಬೌದಾ?" ಎಂದು ಕೇಳಿದ. ಜನಕ್ಕೆ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲು ಹತ್ತಿತ್ತು. ಹೆಂಗಸರು ತಮ್ಮ ಕೈಯಲ್ಲಿದ್ದ ಫೋನುಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಸಂಜೆಯ ಹೊತ್ತಿಗೆ ಇಡೀ ಊರು ಸುತ್ತಿ ಮುಗಿದಾಗ ಪರಮೇಶನ ಗಂಟಲು ಪೂರ್ತಿ ಬಿದ್ದುಹೋಗಿತ್ತು.

'ನಮ್ಮೂರ ಬೆಳಗು' ನಿಂತಿತು. ಪರಮೇಶನ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ಮುದ್ದಕ್ಕನ ಆಪರೇಷನ್ನಿಗೆ ತುಮಕೂರಿಗೆ ಕರೆದುಕೊಂಡು ಹೋಗಿ, ವಾಪಸು ಬರುವವರೆಗೆ ಜೊತೆಗಿದ್ದವನು ಅವನೇ. ಈಗಲೂ ವಾರಕ್ಕೊಮ್ಮೆ ಆಕೆಯ ಮನೆಗೆ ಹೋಗುತ್ತಾನೆ. ಮುದುಕಿ ಮೊದಮೊದಲು ಅವನಿಗೆ ಬೆನ್ನು ಹಾಕಿ ಮಲಗುತ್ತಿದ್ದಳು. ಈಗ ಕಾಫಿ ಕೊಡಿಸುತ್ತಾಳೆ.

ಆ ದಿನ ಫೋನಿನಲ್ಲಿ ತಾನು ಕೇಳಿದ್ದ ಪ್ರಶ್ನೆ ರೇಣುಕಪ್ರಸಾದನನ್ನು ಬಹಳ ಕಾಲ ಕೊರೆಯಿತು. ಒಮ್ಮೆ ಊಟಕ್ಕೆ ಕೂತಾಗ, "ನಂಗೆ ಗೊತ್ತಾಗಬೇಕಿತ್ತು ಮಂಗಳಾ" ಎಂದ. ಅವಳು, "ನಂಗೇ ಗೊತ್ತಾಗ್ಲಿಲ್ಲ ಕಣ್ರಿ, ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದು ಸಾರು ಬಡಿಸಿದಳು.

ಗಂಟಲು ಪೂರ್ತಿ ಸರಿಯಾದ ಮೇಲೆ ಅವಳು ಮತ್ತೆ ಆಟೊ ಹತ್ತಿದ್ದಾಳೆ. ರೆಕಾರ್ಡಿಂಗಿಗೆ ಯಾರು ಕೇಳಿದರೂ ಕೊಡುವುದಿಲ್ಲ. ಪ್ರತಿ ಬೀದಿಯ ತುದಿಯಲ್ಲಿ ಆಟೊ ನಿಲ್ಲಿಸಿ, ಕೆಳಗಿಳಿದು, ಮುಖ ಕಾಣುವಂತೆ ನಿಂತು ಹೇಳುತ್ತಾಳೆ. ಕೆಲಸ ಮೊದಲಿಗಿಂತ ನಿಧಾನ. ಕೆಲವರು ಹತ್ತಿರ ಬಂದು, "ನಿಜವಾಗ್ಲೂ ನೀವೇ ತಾನೆ?" ಎಂದು ಕೈ ಮುಟ್ಟಿ ನೋಡುವುದೂ ಉಂಟು. ಅವಳು ಕೈ ಕೊಡುತ್ತಾಳೆ.

ಮೊನ್ನೆ ಮುದ್ದಕ್ಕ ಕೋಲೂರಿಕೊಂಡು ತನ್ನ ಮನೆ ಬಾಗಿಲಿಗೆ ಬಂದಿದ್ದಳು. ಶನಿವಾರ ನೀರಿಲ್ಲ ಎಂದು ಹೇಳಿ ಮುಗಿಸಿದ ಸರ್ವಮಂಗಳಾಳನ್ನು ಕರೆದು, "ಯಾರೇ ಏನೇ ಅನ್ಲಿ ಕಣಮ್ಮ, ಅವತ್ತು ಕೂಗಿದ್ದು ನೀನೇ" ಎಂದಳು. ಸರ್ವಮಂಗಳಾ ಮೊದಲಾದರೆ ವಾದಿಸುತ್ತಿದ್ದಳು. ಈಗ ಮುದುಕಿಯ ತೋಳು ಹಿಡಿದು, ಮೆಟ್ಟಿಲು ಹತ್ತಿಸಿ, ಒಳಗೆ ಹೋಗಿ ಅವಳ ಕೊಡಗಳನ್ನು ತಾನೇ ನಲ್ಲಿಗೆ ಹಿಡಿದಳು.